ಏಳನೇ ತೂತಿನ ಹನ್ನೊಂದನೇ ಪೆಟ್ಟಿಗೆ

ದೂರದ ಬೆಟ್ಟ ನುಣ್ಣಗೆ ಅಂತ ಗಾದೆ ಕಟ್ಟಿದವನು ಈ ಊರಿನವನಂತೂ ಆಗಿರಲಾರ. ಬೆಟ್ಟ ದೂರವಿದ್ದರೆ ತಾನೆ ನುಣ್ಣಗೆ ಕಾಣುವುದು! ಇಲ್ಲಿ ಮುಂಬಾಗಿಲು ತೆರೆದರೆ ಸಮುದ್ರ, ಹಿಂಬಾಗಿಲು ತೆರೆದರೆ ಕಲ್ಲಿನ ಗೋಡೆ, ನಡುವೆ ನಾಲ್ಕು ಬೀದಿ ಹಿಡಿಸುವಷ್ಟು ನೆಲ. ತುಂಬಿದ ಬಸ್ಸಿನಲ್ಲಿ ನಿಂತವರ ಹಾಗೆ ಊರು ಅಲ್ಲಿ ಮೈ ಕುಗ್ಗಿಸಿಕೊಂಡು ನಿಂತಿದೆ. ಹೊರಗೆ ಹೋಗಬೇಕೆಂದರೆ ದಡದ ಅಂಚಿನಲ್ಲಿ ಒಂದೇ ರಸ್ತೆ, ಅದೂ ವರ್ಷಕ್ಕೆರಡು ಸಲ ಕುಸಿಯುತ್ತದೆ. ಅದಕ್ಕೇ ಬೆಟ್ಟದ ಹೊಟ್ಟೆ ಸೀಳಿ ಆಚೆ ಬದಿಗೆ ರೈಲು ದಾಟಿಸುವ ಸುರಂಗದ ಕೆಲಸ ನಾಲ್ಕು ವರ್ಷದಿಂದ ನಡೆದಿತ್ತು. ಬೆಟ್ಟ ಅಗೆದು ಇಲಿ ಹಿಡಿಯೋಕೆ ಹೊರಟಿದ್ದಾರೆ ಎಂದು ಮೊದಮೊದಲು ನಕ್ಕವರೇ ಈಗ ದಿನಕ್ಕೆರಡು ಸಲ ಕೇಳುವ ಸಿಡಿಮದ್ದಿನ ಸದ್ದಿಗೆ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು.

ಪೆಟ್ಟಿಗೆಯಮ್ಮನ ಜಗತ್ತು ಊರಿಗಿಂತಲೂ ಚಿಕ್ಕದು. ತಗಡಿನ ಮಾಡಿನ ಒಂದು ಉದ್ದನೆಯ ಶೆಡ್ಡು, ಒಂದೇ ಬಾಗಿಲು, ಕೈಗೆಟುಕದ ಎತ್ತರದಲ್ಲಿ ಮೂರು ಕಿಟಕಿ. ಒಳಗೆ ನೆಲದಿಂದ ಮಾಡಿನವರೆಗೆ ಮರದ ಪೆಟ್ಟಿಗೆಗಳು. ಸುರಂಗ ತೋಡುವ ಮೊದಲು ಬೆಟ್ಟದ ಒಳಗೆ ಏನಿದೆ ಎಂದು ತಿಳಿಯಲು ನೆತ್ತಿಯಿಂದ ಸಣ್ಣ ತೂತು ಕೊರೆದು, ಮುಂಗೈ ದಪ್ಪದ ಕಲ್ಲಿನ ಕಡ್ಡಿಗಳನ್ನು ಮೇಲೆತ್ತುತ್ತಾರಲ್ಲ, ಅವೆಲ್ಲ ಈ ಪೆಟ್ಟಿಗೆಗಳಲ್ಲಿ ಮಲಗಿವೆ. ಕೊರೆಗಲ್ಲು ಎನ್ನುತ್ತಾರೆ. ಪುಸ್ತಕ ಓದಿದ ಹಾಗೆ ಎಡದಿಂದ ಬಲಕ್ಕೆ, ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಓದುತ್ತಾ ಹೋದರೆ ಬೆಟ್ಟವನ್ನು ನೆತ್ತಿಯಿಂದ ಆಳಕ್ಕೆ ಓದಿದಂತೆ. ಒಂದು ತುಂಡು ಹಿಂದುಮುಂದಾದರೂ ಕಥೆ ಕೆಟ್ಟಿತು. ಹಿಂದುಮುಂದಾಗದ ಹಾಗೆ ನೋಡಿಕೊಳ್ಳುವುದು ಅವಳ ಕೆಲಸ. ಐವತ್ತೊಂದು ವರ್ಷದಲ್ಲಿ ಇಪ್ಪತ್ತೆರಡನ್ನು ಅವಳು ಇದಕ್ಕೇ ಕೊಟ್ಟಿದ್ದಳು.

ಸಂಜೆ ಐದಕ್ಕೆ ಶೆಡ್ಡಿಗೆ ಬೀಗ ಹಾಕಿ ಅಕ್ಕನ ಮನೆಗೆ ಹೋಗುವುದು. ಅಡುಗೆಮನೆಯ ಹಿಂದಿನ ಕೋಣೆ ಅವಳದು. ಮೊದಲು ಅದು ಸಾಮಾನು ತುಂಬುವ ಕೋಣೆ. ಕಿಟಕಿ ತೆರೆದರೆ ಕೈಯಳತೆಯಲ್ಲಿ ಬೆಟ್ಟದ ಕಲ್ಲು. ಮದುವೆಯಾಗಿ ಒಂದೂವರೆ ವರ್ಷಕ್ಕೆ ಗಂಡ ಹಡಗಿನ ಕೆಲಸಕ್ಕೆ ಹೋದವನು ಹಡಗನ್ನೇ ಕಟ್ಟಿಕೊಂಡ, ವಾಪಸ್ಸು ಬರಲಿಲ್ಲ. ಆಗ ಅಕ್ಕ ಎರಡು ಮಾತಾಡದೆ ಕೋಣೆ ಖಾಲಿ ಮಾಡಿಸಿ ಕರೆದುಕೊಂಡಿದ್ದಳು. "ಹಗಲೆಲ್ಲ ಪೆಟ್ಟಿಗೆ ಕಾದು ರಾತ್ರಿ ತಾನೂ ಒಂದು ಪೆಟ್ಟಿಗೇಲಿ ಮಲಗ್ತಾಳೆ" ಎಂದು ಭಾವ ನಗಿಸುತ್ತಿದ್ದ. ಅಕ್ಕನ ಗಂಡ ಒಳ್ಳೆಯವನು. ಸುರಂಗದ ತುದಿಯಲ್ಲಿ, ಕೊನೆಯ ಕಲ್ಲಿನ ಎದುರು ನಿಂತು ಕೆಲಸ ಮಾಡಿಸುವ ಮೇಸ್ತ್ರಿ. ಅವನ ಕೈಕೆಳಗೆ ನಲವತ್ತು ಜನ.

ಆ ಭಾವ ಒಂದು ಭಾನುವಾರ ಬಟ್ಟೆ ಒಗೆಯುವುದಕ್ಕಾಗುತ್ತದೆಂದು ಚಪ್ಪಟೆ ಕಲ್ಲೊಂದನ್ನು ಹೊತ್ತು ತಂದ. ಅಲ್ಲಿಂದ ಶುರುವಾಯಿತು.

ಕಲ್ಲಿನ ಪಕ್ಕದಲ್ಲಿ ಸೀಮೆಸುಣ್ಣದ ಬಾಣ ಇನ್ನೂ ಅಳಿಸಿರಲಿಲ್ಲ. ಸುರಂಗದ ತುದಿಯಿಂದ ಪರೀಕ್ಷೆಗೆ ತೆಗೆಯುವ ಪ್ರತಿ ಕಲ್ಲಿನ ಮೇಲೂ ಯಾವ ಕಡೆ ಮೇಲಿತ್ತು ಎಂದು ಬಾಣ ಹಾಕಬೇಕು, ಅದು ನಿಯಮ. ಇದು ಪರೀಕ್ಷೆಗೆ ಬೇಡವಾಗಿ ಉಳಿದದ್ದು. ಪೆಟ್ಟಿಗೆಯಮ್ಮ ಅಭ್ಯಾಸಬಲದಿಂದ ಕಲ್ಲಿನ ಪಕ್ಕವನ್ನು ಒದ್ದೆ ಮಾಡಿ ನೋಡಿದಳು. ನೋಡಿ ನಕ್ಕಳು.

"ಏನ್ ಭಾವ, ಬಾಣ ಉಲ್ಟಾ ಹಾಕಿದ್ದೀರಲ್ಲ. ತಲೆ ಯಾವುದು ಕಾಲು ಯಾವುದು ಅಂತ ಗೊತ್ತಾಗದಷ್ಟು ವಯಸ್ಸಾಯ್ತಾ?"

"ಹೋಗೇ ಸಾಕು. ಎಷ್ಟು ಬಾಣ ಹಾಕಿದ್ದೀನಿ ಈ ಕೈಯಲ್ಲಿ. ಮೇಲಿದ್ದದ್ದು ಮೇಲೇ ಇದೆ."

"ದಪ್ಪ ಮರಳು ಮೇಲಿದೆ ಭಾವ, ನುಣುಪು ಕೆಳಗಿದೆ. ಹಾಗಿರೋಕಾಗಲ್ಲ."

"ಇರೋಕಾಗುತ್ತೋ ಇಲ್ಲವೋ ನೀನು ಬೆಟ್ಟಾನೇ ಕೇಳು. ಒಂದು ವಾರದಿಂದ ಎಲ್ಲ ಹಾಗೇ ಬರ್ತಾ ಇದೆ."

ಅವಳ ನಗು ಅಲ್ಲೇ ನಿಂತಿತು.

ಈ ಬೆಟ್ಟಸಾಲು ಒಂದು ಕಾಲದಲ್ಲಿ ಸಮುದ್ರದ ತಳ. ಮೂರು ತಿಂಗಳ ಹೊಸಬಳಾಗಿದ್ದಾಗ ಅವಳಿಗೆ ಇದನ್ನು ಕಲಿಸಿದವರು ದೊಡ್ಡ ಸಾರ್, ಆಗಿನ ಭೂವಿಜ್ಞಾನಿ. ಒಂದು ಗಾಜಿನ ಲೋಟಕ್ಕೆ ನೀರು ಸುರಿದು, ಅದರಲ್ಲಿ ಅಂಗಳದ ಮಣ್ಣು ಕದಡಿ ಮೇಜಿನ ಮೇಲಿಟ್ಟರು. ದಪ್ಪ ಮರಳು ಮೊದಲು ತಳ ಸೇರಿತು, ಆಮೇಲೆ ಸಣ್ಣದು, ಕೊನೆಗೆ ನುಣುಪಾದ ಕೆಸರು. "ಸಮುದ್ರದ ತಳದಲ್ಲೂ ಇದೇ. ಒಂದೊಂದು ಪದರದಲ್ಲೂ ದಪ್ಪ ಕೆಳಗೆ, ನುಣುಪು ಮೇಲೆ. ಕಲ್ಲು ಸುಳ್ಳು ಹೇಳಲ್ಲ. ಯಾವ ಕಡೆ ಮೇಲು ಅಂತ ನಿನಗೆ ಗೊತ್ತಾಗದಿದ್ದರೆ ಅದನ್ನೇ ಕೇಳು" ಎಂದಿದ್ದರು. ಎಂಥಾ ಮಾತು! ಅವಳು ಅದನ್ನು ಸೆರಗಿಗೆ ಗಂಟು ಹಾಕಿಕೊಂಡಳು.

ಅದಾಗಿ ಹದಿನೈದು ದಿನಕ್ಕೆ ಪೆಟ್ಟಿಗೆ ಬಿದ್ದದ್ದು.

ಭಾವ ಆಗ ಬೆಟ್ಟದ ಮೇಲಿಂದ ಪೆಟ್ಟಿಗೆ ತರುವ ಸಣ್ಣ ಲಾರಿಯ ಡ್ರೈವರ್. ಏಳನೇ ತೂತಿನ ಕೊನೆಯ ಪೆಟ್ಟಿಗೆ, ಹನ್ನೊಂದನೆಯದು, ಅವನ ಕೈಜಾರಿ ಶೆಡ್ಡಿನ ಅಂಗಳದಲ್ಲಿ ಮಗುಚಿಕೊಂಡಿತು. ತುಂಡುಗಳಿಗೆ ನಂಬರ್ ಬರೆಯುವುದು ಶೆಡ್ಡಿನೊಳಗೆ ಬಂದ ಮೇಲೆ. ಆದ್ದರಿಂದ ಬಿದ್ದವು ಬರಿ ಕಲ್ಲುಗಳು. ಭಾವನಿಗೆ ಅದಾಗಲೇ ಆಫೀಸಿನಿಂದ ಒಂದು ಎಚ್ಚರಿಕೆ ಬಂದಿತ್ತು, ಅಕ್ಕ ಏಳು ತಿಂಗಳ ಬಸುರಿ. ಅವನು ನೆಲದ ಮೇಲೆ ಕೂತೇಬಿಟ್ಟ. "ಹೇಗಾದ್ರೂ ಮಾಡೇ ತಾಯಿ. ಊಟ ಆದ ಮೇಲೆ ಸಾರ್ ಬರ್ತಾರೆ."

ಎರಡು ಗಂಟೆ ಸಮಯವಿತ್ತು. ಒಡೆದ ಬಾಯಿಗಳನ್ನು ಒಂದಕ್ಕೊಂದು ಹೊಂದಿಸುತ್ತಾ ಹೋದಳು. ಹದಿನೆಂಟು ತುಂಡುಗಳು ಸರಪಳಿಯಾಗಿ ಕೂಡಿಕೊಂಡವು. ಸರಪಳಿಯ ಯಾವ ತುದಿ ಮೇಲೆ? ಅವಳು ಕಲ್ಲನ್ನೇ ಕೇಳಿದಳು. ಪ್ರತಿ ಪದರದಲ್ಲೂ ದಪ್ಪ ಮರಳು ಕೆಳಗೆ ಬರುವ ಹಾಗೆ ಇಟ್ಟಳು. ಒಂದು ತುಂಡು ಮಾತ್ರ ಉಳಿಯಿತು. ಗೇಣುದ್ದದ್ದು, ಬೂದುಬಣ್ಣದ್ದು. ಒಂದು ಬಾಯಿ ಕೊರೆಯುವಾಗಲೇ ತಿರುಗಿ ತಿರುಗಿ ಸವೆದಿತ್ತು, ಇನ್ನೊಂದು ಒರಟು ಬಾಯಿ ಯಾವುದಕ್ಕೂ ಕೂಡಲಿಲ್ಲ. ಪದರವೂ ಕಾಣಲಿಲ್ಲ. ಗೇಟಿನಲ್ಲಿ ದೊಡ್ಡ ಸಾರ್ ಅವರ ಜೀಪಿನ ಸದ್ದಾಯಿತು. ಅವಳು ಅದನ್ನು ಚೀಲಕ್ಕೆ ತುರುಕಿದಳು.

ದೊಡ್ಡ ಸಾರ್ ಪೆಟ್ಟಿಗೆ ನೋಡಿದರು. ಅದಕ್ಕೂ ಮೇಲಿನ ಎರಡು ಪೆಟ್ಟಿಗೆಗಳಲ್ಲಿದ್ದದ್ದು ಬರಿ ಕಪ್ಪು ಜೇಡಿಗಲ್ಲು. ಅದರಲ್ಲಿ ಮೇಲೂ ಇಲ್ಲ, ಕೆಳಗೂ ಇಲ್ಲ. ಹನ್ನೊಂದನೆಯದು ಮಾತ್ರ ಬಾಯಿ ಬಿಡುವ ಕಲ್ಲು. "ಪದರಗಳು ನೆಟ್ಟಗಿವೆ. ಒಂದು ಗೇಣು ಕಲ್ಲು ಕೊರೆಯುವಾಗ ನಷ್ಟವಾಗಿದೆ" ಎಂದು ಬರೆದು ರುಜು ಹಾಕಿದರು. "ಚೆನ್ನಾಗಿ ಜೋಡಿಸಿದ್ದೀಯ ಕಣಮ್ಮ" ಎಂದರು. ಆ ಹೊಗಳಿಕೆ ಅವಳಿಗೆ ಇವತ್ತಿಗೂ ಬಿಸಿತುಪ್ಪವೇ. ಉಗುಳುವುದಕ್ಕೂ ಆಗಲಿಲ್ಲ, ನುಂಗುವುದಕ್ಕೂ ಆಗಲಿಲ್ಲ.

ಚೀಲದಲ್ಲಿದ್ದ ತುಂಡನ್ನು ಅಕ್ಕ ಅವತ್ತೇ ಸಂಜೆ ನೋಡಿದಳು. "ಅಯ್ಯೋ, ಕುಟ್ಟೋಕೆ ಎಷ್ಟು ಚೆನ್ನಾಗಿದೆ! ನನಗೇ ಅಂತ ತಂದ್ಯಾ?" ಹೌದು ಎನ್ನದೆ ಬೇರೆ ದಾರಿಯಿರಲಿಲ್ಲ. ಅಂದಿನಿಂದ ಅದು ಅಡುಗೆಮನೆಯ ಕುಟ್ಟುಗಲ್ಲು. ದಿನಾ ಬೆಳಿಗ್ಗೆ ಮೆಣಸು, ಸಂಜೆ ಬೆಳ್ಳುಳ್ಳಿ. ಗೋಡೆಯ ಈಚೆ ಮಲಗಿದವಳ ಎದೆಗೇ ಕುಟ್ಟಿದ ಹಾಗೆ ಧಡ್, ಧಡ್. ಸವೆದು ಪೂರ್ತಿ ಮುಗಿದುಹೋದರೆ ಸಾಕಪ್ಪಾ ಎಂದುಕೊಂಡು ಒಮ್ಮೆ ಅವಳೇ ಹೇಳಿದ್ದುಂಟು: "ಅಕ್ಕಾ, ಒಂದೇ ಕಡೆ ಯಾಕೆ, ಆ ತುದೀಲೂ ಕುಟ್ಟು." ಅಕ್ಕ ಮುಖ ಸಿಂಡರಿಸಿದ್ದಳು. "ಆ ಕಡೆ ಒರಟು ಕಣೆ, ಸಂದೀಲಿ ಸಿಪ್ಪೆ ಸಿಕ್ಕಿಕೊಳ್ಳುತ್ತೆ. ನನ್ನ ಅಡುಗೆಮನೆ ನನಗೆ ಬಿಡು."

ಆದರೂ ಇಷ್ಟು ವರ್ಷ ಅವಳಿಗಿದ್ದ ಅಳುಕು ಒಂದು ಗೇಣಿನಷ್ಟೇ. ತುಂಡು ಬಚ್ಚಿಟ್ಟೆ, ಸುಳ್ಳು ಹೇಳಿದೆ, ಅಷ್ಟೇ. ಜೋಡಿಸಿದ್ದು ಸರಿ ಎಂಬುದರಲ್ಲಿ ಅನುಮಾನವೇ ಇರಲಿಲ್ಲ. ಈಗ ಬಚ್ಚಲಿನ ಪಕ್ಕ ಒದ್ದೆ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತವಳಿಗೆ ಆ ಅನುಮಾನ ಮೊದಲ ಸಲ ಬಂತು.

ಕಂಬಳಿ ಮಡಚಿದರೆ ಏನಾಗುತ್ತದೆ? ಮೇಲಿನ ಅರ್ಧ ನೆಟ್ಟಗೆ, ಕೆಳಗಿನ ಅರ್ಧ ತಲೆಕೆಳಗು. ಬೆಟ್ಟಗಳೂ ಹಾಗೆ ಮಡಚಿಕೊಳ್ಳುತ್ತವೆ ಎಂದು ದೊಡ್ಡ ಸಾರ್ ಆಮೇಲೆ ಎಂದೋ ಹೇಳಿದ್ದರು. ಹನ್ನೊಂದನೇ ಪೆಟ್ಟಿಗೆಯ ಕಲ್ಲು ಬೆಟ್ಟದೊಳಗೆ ನಿಜವಾಗಿ ತಲೆಕೆಳಗಾಗಿಯೇ ಇತ್ತು. ಆ ಒಂದು ಸುದ್ದಿ ಹೇಳುವುದಕ್ಕೆಂದೇ ಅದು ಮೇಲೆ ಬಂದಿತ್ತು. ಅವಳು ಅದನ್ನು ಹಿಡಿದು ನೆಟ್ಟಗೆ ನಿಲ್ಲಿಸಿಬಿಟ್ಟಿದ್ದಳು.

ನೆಟ್ಟಗೆ ನಿಲ್ಲಿಸಿದರೆ ಏನು ಗಂಟು ಹೋಯಿತು? ಕಂಬಳಿಯ ಮೇಲುಮೈ ಸುಣ್ಣಕಲ್ಲು. ಗುಹೆ ಗುಹೆಯಾಗಿ ಕೊರೆದು ಒಳಗೆ ನೀರು ತುಂಬಿಕೊಂಡಿರುವ ಕಲ್ಲು. ಏಳನೇ ತೂತಿನ ಮೊದಲ ಪೆಟ್ಟಿಗೆಗಳಲ್ಲೆಲ್ಲ ಅದೇ. ಅದು ಮೇಲೆಯೇ ಮುಗಿಯಿತು, ಕೆಳಗೆ ಸಮುದ್ರಮಟ್ಟದವರೆಗೂ ಒಣ ಗಟ್ಟಿ ಕಲ್ಲು ಎಂದುಕೊಂಡು ಸುರಂಗದ ದಾರಿ ಗುರುತು ಮಾಡಿದ್ದರು. ಮಡಚಿಕೊಂಡಿದ್ದರೆ? ಕಂಬಳಿಯ ಮೇಲುಮೈ ಅಡಿಯಲ್ಲಿ ಮತ್ತೆ ಬರುತ್ತದೆ. ಆ ನೀರು ಈಗ ಭಾವನ ಮುಖದ ಎದುರಿಗಿತ್ತು. ಎಷ್ಟು ದೂರದಲ್ಲಿ ಎಂದು ಯಾರಿಗೂ ಗೊತ್ತಿರಲಿಲ್ಲ, ಯಾಕೆಂದರೆ ಇದೆ ಎಂದೇ ಯಾರಿಗೂ ಗೊತ್ತಿರಲಿಲ್ಲ.

ಭಾವನನ್ನು ಹಿತ್ತಲಿಗೆ ಕರೆದು ಹೇಳಿದಳು. ಅವನು ನಂಬಲಿಲ್ಲ ಎನ್ನುವುದಕ್ಕಿಂತ ನಂಬಲು ಒಪ್ಪಲಿಲ್ಲ.

"ಕಲ್ಲು ಒಣಗಿ ಕಟ್ಟಿಗೆ ಆಗಿದೆ. ಬೆವರು ಬಿಟ್ರೆ ಒಳಗೆ ಒಂದು ಹನಿ ನೀರಿಲ್ಲ."

"ಇವತ್ತು ಇಲ್ಲ. ನಾಳೆ?"

"ಈಗ ಹೋಗಿ ಪೆಟ್ಟಿಗೆ ಬಿದ್ದಿತ್ತು ಅಂತೀಯಾ? ಯಾರು ಬೀಳಿಸಿದ್ದು ಅಂತ ಕೇಳಲ್ವಾ?" ಅವನ ದನಿ ತಗ್ಗಿತು. "ನಿಮ್ಮಕ್ಕನಿಗೆ ನಾನು ಇವತ್ತಿಗೂ ಹೇಳಿಲ್ಲ ಕಣೆ. ನನ್ನ ಕೈ ಜಾರಲ್ಲ ಅಂತಲೇ ನಲವತ್ತು ಜನ ನನ್ನ ಹಿಂದೆ ಒಳಗೆ ಬರ್ತಾರೆ."

ಅಡುಗೆಮನೆಯಿಂದ ಧಡ್ ಧಡ್ ಕೇಳುತ್ತಿತ್ತು. ಬಾಯಿಬಿಟ್ಟರೆ ಅನ್ನ ಹಾಕಿದ ಮನೆ ಬೀಳುತ್ತದೆ, ಮುಚ್ಚಿಕೊಂಡರೆ ಆ ಮನೆಯ ಯಜಮಾನ ಬೆಟ್ಟದಡಿ ಮುಳುಗುತ್ತಾನೆ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಗೆ ಕತ್ತರಿಯ ಎರಡು ಅಲಗಲ್ಲಿ ಯಾವುದು ಒಳ್ಳೆಯದು ಎಂದು ಕೇಳಿದರೆ ಅದೇನು ಹೇಳೀತು.

ಸೋಮವಾರ ಬೆಳಿಗ್ಗೆ ಚಿಕ್ಕ ಸಾರ್ ಶೆಡ್ಡಿಗೆ ಬಂದರು. ದೊಡ್ಡ ಸಾರ್ ತೀರಿಕೊಂಡ ಮೇಲೆ ಬಂದ ಭೂವಿಜ್ಞಾನಿ. ಮೂವತ್ತರ ಆಸುಪಾಸು, ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಅವಳು ನಿಂತ ಕಾಲಲ್ಲೇ ಕೇಳಿದಳು.

"ಸಾರ್, ಸುರಂಗದಿಂದ ಬರೋ ಕಲ್ಲುಗಳ ಬಾಣ ಹೇಗಿದೆ?"

"ಅದೊಂದು ತಲೆನೋವು. ಒಂದು ವಾರದಿಂದ ಎಲ್ಲ ಉಲ್ಟಾ ಹಾಕ್ತಿದ್ದಾರೆ. ನಾವೇ ಆಫೀಸಲ್ಲಿ ತಿರುಗಿಸಿ ಸರಿ ಮಾಡ್ಕೊಳ್ತಿದ್ದೀವಿ."

ಇದೆಂಥ ಶಾಪ! ಅವಳು ಒಂದು ಮಧ್ಯಾಹ್ನ ಮಾಡಿದ ತಪ್ಪನ್ನು ಇಡೀ ಆಫೀಸು ಈಗ ದಿನಾ ಮಾಡುತ್ತಿತ್ತು, ಅದೂ ಅವಳ ಪೆಟ್ಟಿಗೆಯನ್ನು ನಂಬಿ.

"ತಿರುಗಿಸಬೇಡಿ ಸಾರ್. ಬಾಣ ಸರಿಯಾಗಿದೆ. ನನ್ನ ಪೆಟ್ಟಿಗೆಯೇ ಉಲ್ಟಾ." ಬಿದ್ದದ್ದು, ಜೋಡಿಸಿದ್ದು, ಎಲ್ಲ ಹೇಳಿದಳು. ಬೀಳಿಸಿದ್ದು ಯಾರು ಎಂದು ಅವರು ಕೇಳಿದರು. "ನಾನೇ" ಎಂದಳು. ಆ ಒಂದು ಮಾತು ಮಾತ್ರ ಸುಳ್ಳು.

ಚಿಕ್ಕ ಸಾರ್ ಹನ್ನೊಂದನೇ ಪೆಟ್ಟಿಗೆ ಇಳಿಸಿ, ಮುಚ್ಚಳ ತೆಗೆದು, ಒಂದೊಂದೇ ತುಂಡನ್ನು ಭೂತಗನ್ನಡಿಯಲ್ಲಿ ನೋಡಿದರು. ಬಾಯಿಗೆ ಬಾಯಿ ಕೂದಲೆಳೆ ಸಂದಿಲ್ಲದೆ ಕೂತಿತ್ತು. ಪದರಗಳೆಲ್ಲ ನೆಟ್ಟಗೆ.

"ಅಮ್ಮಾ, ಇಡೀ ಶೆಡ್ಡಲ್ಲಿ ಇಷ್ಟು ಚೆನ್ನಾಗಿರೋ ಪೆಟ್ಟಿಗೆ ಇನ್ನೊಂದಿಲ್ಲ."

"ಅದೇ ಸಾರ್ ನನ್ನ ಗೋಳು."

"ದೊಡ್ಡ ಸಾರ್ ರುಜು ಇದೆ. ನಾನು ಕೆಲಸ ನಿಲ್ಲಿಸಬೇಕಾದರೆ ಏನಾದರೂ ತೋರಿಸಬೇಕು. ನೆನಪನ್ನ ಫೈಲಿಗೆ ಹಾಕೋಕಾಗಲ್ಲ." ಅವರು ಒರಟಾಗಿ ಹೇಳಲಿಲ್ಲ, ಅದೇ ಕಷ್ಟವಾಯಿತು. "ಬಾಣದ ವಿಷಯ ನಾನು ಈ ವಾರ ಒಳಗೆ ಹೋಗಿ ನೋಡ್ತೀನಿ. ಇವತ್ತು ನಾಲ್ಕು ಗಂಟೆಗೆ ಎಂದಿನ ಹಾಗೆ ಸಿಡಿಮದ್ದು ಇದೆ, ಅದು ನಡೀಲಿ."

ಅವರು ಪಕ್ಕದ ಆಫೀಸಿಗೆ ಹೋದರು. ಪೆಟ್ಟಿಗೆಯಮ್ಮ ಬೆಂಚಿನ ಮೇಲೆ ಕೂತಳು. ಗೋಡೆ ಗಡಿಯಾರದಲ್ಲಿ ಹನ್ನೆರಡೂವರೆ. ಶೆಡ್ಡು ಇಷ್ಟು ಇಕ್ಕಟ್ಟು ಎಂದು ಅವಳಿಗೆ ಹಿಂದೆಂದೂ ಅನ್ನಿಸಿರಲಿಲ್ಲ. ಸುತ್ತ ಸಾವಿರಾರು ಪೆಟ್ಟಿಗೆ, ಎಲ್ಲ ಅವಳ ಕೈಯಿಂದಲೇ ಜೋಡಿಸಿದ್ದು, ಒಂದಾದರೂ ಅವಳ ಪರವಾಗಿ ಸಾಕ್ಷಿ ಹೇಳುವುದಿಲ್ಲ. ಅಷ್ಟು ಚೆನ್ನಾಗಿ ಬಾಗಿಲು ಮುಚ್ಚಿದ್ದಳು, ಈಗ ಅವಳಿಗೇ ಅಗುಳಿ ಸಿಗುತ್ತಿರಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂದು ತನಗೇ ಹೇಳಿಕೊಂಡಳು. ಉಣ್ಣುವವಳು ತಾನೊಬ್ಬಳೇ ಆಗಿದ್ದರೆ ಹೇಗೋ ಉಂಡುಬಿಡುತ್ತಿದ್ದಳು. ಅಲ್ಲಿ ನಲವತ್ತೊಂದು ಜನ ಎಲೆಯ ಮುಂದೆ ಕೂತಿದ್ದರು.

ಕೈ ಸುಮ್ಮನಿರಲಾರದೆ ಹನ್ನೊಂದನ್ನು ಮೇಲೆತ್ತಿಡಲು ಹೋದಳು. ಅದರ ಕೆಳಗಿನ ಅರೆಯಲ್ಲಿ ಹತ್ತನೇ ಪೆಟ್ಟಿಗೆ. ಬೀಳದ ಪೆಟ್ಟಿಗೆ, ಇಪ್ಪತ್ತೆರಡು ವರ್ಷದ ಹಿಂದೆ ನಂಬರ್ ಬರೆದು ಮುಚ್ಚಳಕ್ಕೆ ಮೊಳೆ ಹೊಡೆದದ್ದು ಹಾಗೇ ಇತ್ತು. ಅವತ್ತು ಅದನ್ನು ತೆರೆದು ನೋಡಬೇಕೆಂದು ಹೊಳೆದೇ ಇರಲಿಲ್ಲ, ಈಗ ಯಾಕೆ ತೆಗೆದಳೋ ಅವಳಿಗೂ ಗೊತ್ತಿಲ್ಲ. ಮೊಳೆ ಕಿತ್ತು ಕೊನೆಯ ಸಾಲಿನ ಕೊನೆಯ ತುಂಡು ನೋಡಿದಳು. ಕಪ್ಪು ಜೇಡಿಗಲ್ಲು, ಒಡೆದ ಒರಟು ಬಾಯಿ. ಒಂದು ಕಡೆ ಹಲ್ಲಿನಂತೆ ಏಣು, ಪಕ್ಕದಲ್ಲಿ ಹೆಬ್ಬೆಟ್ಟು ಕೂರುವಷ್ಟು ತಗ್ಗು.

ಈ ಬಾಯಿಯ ಜೋಡಿಯನ್ನು ಅವಳು ದಿನಾ ನೋಡುತ್ತಿದ್ದಳು. ಸಿಪ್ಪೆ ಸಿಕ್ಕಿಕೊಳ್ಳುತ್ತದೆ ಎಂದು ಅಕ್ಕ ಬಿಟ್ಟ ತುದಿ.

ಓಡಿದಳು. ಐವತ್ತೊಂದರ ಮಂಡಿ ಏನೆಂದಿತೋ ಕೇಳಿಸಿಕೊಳ್ಳಲಿಲ್ಲ. ಮೂರು ಓಣಿ ಏರಿ, ಎಪ್ಪತ್ತು ಮೆಟ್ಟಿಲು ಹತ್ತಿ ಮನೆ ಸೇರಿದಾಗ ಅಕ್ಕ ಅಡುಗೆಮನೆಯ ನೆಲದ ಮೇಲೆ ಕೂತು ಮೆಣಸು ಕುಟ್ಟುತ್ತಿದ್ದಳು.

"ಅಕ್ಕಾ, ಅದು ಕೊಡು."

"ಯಾವುದು? ಇದಾ? ಕೈತುಂಬ ಕೆಲಸ ಇದೆ, ಆಮೇಲೆ ತಗೋ."

"ಈಗಲೇ ಬೇಕು. ಆಫೀಸಿಗೆ."

"ಆಫೀಸಲ್ಲಿ ಏನು ಅಡುಗೆ ಮಾಡ್ತಿದ್ದೀರಾ?" ಅಕ್ಕ ನಕ್ಕಳು. ತಂಗಿಯ ಮುಖ ನೋಡಿ ನಗು ಬಿಟ್ಟಳು. "ಏನಾಯ್ತು? ಅವರಿಗೇನಾದ್ರೂ ಆಯ್ತಾ?"

ಎಲ್ಲವನ್ನೂ ಹೇಳದೆ ಅದನ್ನು ಅವಳ ಕೈಯಿಂದ ಬಿಡಿಸಿಕೊಳ್ಳಲು ಆಗುತ್ತಿರಲಿಲ್ಲ. ಹೇಳಿದಳು. ಚೀಲ, ಸುಳ್ಳು, ಪೆಟ್ಟಿಗೆ, ಭಾವನ ಕೈ. ಅಕ್ಕ ಕೇಳುತ್ತಾ ಕೇಳುತ್ತಾ ಕುಟ್ಟುಗಲ್ಲನ್ನು ಎದೆಗೆ ಒತ್ತಿಕೊಂಡಿದ್ದಳು.

"ಅವರು ಬೀಳಿಸಿದ್ದಾ?"

"ಹೌದು."

"ನೀನು ಮುಚ್ಚಿದ್ದಾ?"

"ಹೌದು ಅಕ್ಕಾ."

"ಇಬ್ಬರೂ ಸೇರಿ ಇಷ್ಟು ವರ್ಷ ನನ್ನ ಕೈಯಲ್ಲೇ ಕುಟ್ಟಿಸಿದ್ರಲ್ಲೇ" ಎಂದಳು ಅಕ್ಕ. ಬೈಗುಳವಾಗಿದ್ದರೆ ತಡೆದುಕೊಳ್ಳಬಹುದಿತ್ತು. ಕಲ್ಲನ್ನು ಸೆರಗಿನಲ್ಲಿ ಒರೆಸಿ ಕೊಟ್ಟಳು. "ಹೋಗು. ನಿಂತ್ಕೋಬೇಡ, ಹೋಗು!"

ಚಿಕ್ಕ ಸಾರ್ ಅವರ ಮೇಜಿನ ಮೇಲೆ ಅವಳು ಹತ್ತನೇ ಪೆಟ್ಟಿಗೆಯ ಕೊನೆಯ ತುಂಡನ್ನು ನಿಲ್ಲಿಸಿ ಹಿಡಿದು, ಕುಟ್ಟುಗಲ್ಲಿನ ಒರಟು ತುದಿಯನ್ನು ಕೆಳಗಿನಿಂದ ಅದಕ್ಕೆ ಕೂಡಿಸಿದಳು. ಮೊದಲ ಸಲ ಕೂಡಲಿಲ್ಲ. ಸ್ವಲ್ಪ ತಿರುಗಿಸಿದಳು. ಏಣು ತಗ್ಗಿನಲ್ಲಿ ಕೂತಿತು. ಟಕ್ ಎಂದಿತು. ಎರಡು ಕಲ್ಲಿನ ನಡುವೆ ಉಗುರು ತೂರಲೂ ಜಾಗವಿರಲಿಲ್ಲ.

"ಈ ತುದಿ ಮೇಲಿತ್ತು ಸಾರ್. ಇದು ಬೀಳದೇ ಇರೋ ಪೆಟ್ಟಿಗೆ ಹೇಳೋ ಮಾತು, ನಾನು ಹೇಳೋದಲ್ಲ. ಈಗ ಇದರ ಮೈ ನೋಡಿ."

ಕೊರೆದು ತೆಗೆದಾಗ ಬೂದಿ ಬಳಿದಂತಿದ್ದ ಕಲ್ಲು ಅಕ್ಕನ ಅಂಗೈಯ ಜಿಡ್ಡಿಗೆ, ಬೆವರಿಗೆ ಕನ್ನಡಿಯಂತೆ ಹೊಳಪೇರಿತ್ತು. ಆ ಹೊಳಪಿನಲ್ಲಿ, ಅವತ್ತು ಕಾಣದ ಪದರ ಇವತ್ತು ಸ್ಪಷ್ಟವಾಗಿ ಕಾಣುತ್ತಿತ್ತು. ಮೇಲಿನ ತುದಿಯಲ್ಲಿ ದಪ್ಪ ಮರಳು. ಕೆಳಕೆಳಗೆ ಬರುತ್ತಾ ಸಣ್ಣದು. ಕೊನೆಗೆ ನುಣುಪು.

ಚಿಕ್ಕ ಸಾರ್ ಭೂತಗನ್ನಡಿ ಹಿಡಿದು ಬಹಳ ಹೊತ್ತು ಬಗ್ಗಿದ್ದರು. ತಲೆ ಎತ್ತಿ ಗಡಿಯಾರ ನೋಡಿದರು, ಎರಡೂ ಇಪ್ಪತ್ತು. ಫೋನು ತೆಗೆದುಕೊಂಡು ಸುರಂಗದ ತುದಿಗೆ ಮಾಡಿ, "ಮದ್ದು ತುಂಬಿದ್ದರೆ ಬಿಚ್ಚಿ. ಎಲ್ಲರೂ ಹೊರಗೆ ಬನ್ನಿ" ಎಂದರು. ಆ ಕಡೆಯ ದನಿ ಯಾಕೆ ಎಂದು ಕೇಳಿತು. ಅದು ಭಾವನ ದನಿ. "ಯಾಕೆ ಅಂತ ನಿಮ್ಮ ನಾದಿನಿಯನ್ನ ಕೇಳಿ" ಎಂದು ಇಟ್ಟುಬಿಟ್ಟರು.

ಮಾರನೆಯ ದಿನ ಸಿಡಿಮದ್ದಿನ ಬದಲು ತೆಳ್ಳನೆಯ ಉದ್ದನೆಯ ಕೊರೆಗೋಲನ್ನು ಮುಂದಕ್ಕೆ ತೂರಿಸಿ ನೋಡಿದರು. ಅದರ ಹಿಂದೆ ಭಾವನೇ ನಿಂತಿದ್ದ, ಬೇಡವೆಂದರೂ ಕೇಳಲಿಲ್ಲವಂತೆ. ಆರು ಅಡಿಗೆ ಒಣ ಪುಡಿ. ಎಂಟಕ್ಕೆ ಒದ್ದೆ ಪುಡಿ. ಒಂಬತ್ತನೇ ಅಡಿಗೆ ಕೊರೆಗೋಲನ್ನೇ ಹಿಂದಕ್ಕೆ ಎಸೆದು ನೀರು ಚಿಮ್ಮಿತು. ಮೂರು ಬೆರಳು ಅಗಲದ ತೂತಿನಿಂದ ಬಂದ ನೀರು ನಲವತ್ತು ಹೆಜ್ಜೆ ಆಚೆ ಗೋಡೆಗೆ ಹೊಡೆಯಿತು, ಕಬ್ಬಿಣದ ಬಂಡಿಯನ್ನು ಮಗುಚಿತು, ಐದು ದಿನ ನಿಲ್ಲದೆ ಹರಿಯಿತು. ನಾಲ್ಕು ಗಂಟೆಯ ಆ ಮದ್ದು ಒಂದೇ ಏಟಿಗೆ ಒಡೆಯುತ್ತಿದ್ದದ್ದು ಹತ್ತು ಅಡಿ ಕಲ್ಲು.

ಭಾವ ತಲೆಯಿಂದ ಕಾಲಿನವರೆಗೆ ತೊಯ್ದು ಮನೆಗೆ ಬಂದು ಹೊಸಿಲ ಮೇಲೆ ನಿಂತ. ಒಳಗೆ ಬರಲಿಲ್ಲ. ಅಕ್ಕ ಒಂದು ಟವೆಲ್ಲನ್ನು ಅವನ ಕಡೆ ಎಸೆದಳು. ಮೂರು ದಿನ ಆ ಮನೆಯಲ್ಲಿ ಪಾತ್ರೆಗಳಷ್ಟೇ ಮಾತಾಡಿದವು.

ವಿಚಾರಣೆ ಶೆಡ್ಡಿನಲ್ಲೇ ನಡೆಯಿತು. ಚಿಕ್ಕ ಸಾರ್ ಹೊಸ ಹಾಳೆಯಲ್ಲಿ ಏಳನೇ ತೂತಿನ ವರದಿ ಮತ್ತೆ ಬರೆಯಬೇಕಿತ್ತು. ಪೆಟ್ಟಿಗೆಯಮ್ಮನ ಕೆಲಸ ಅವತ್ತಿಗೆ ಮುಗಿಯುತ್ತದೆ ಎಂದು ಆಗಲೇ ಪತ್ರ ಬಂದಿತ್ತು. ಬೀಗದಕೈ ಕೊಡುವ ಮೊದಲು ಹನ್ನೊಂದನೇ ಪೆಟ್ಟಿಗೆಯನ್ನು ನಿಜವಾದ ಕ್ರಮದಲ್ಲಿ ಅವಳೇ ಇಡಬೇಕೆಂದು ಅವರು ಕೇಳಿಕೊಂಡರು. ಭಾವ ಬಾಗಿಲ ಬಳಿ ಹೆಲ್ಮೆಟ್ಟು ಕೈಯಲ್ಲಿ ಹಿಡಿದು ನಿಂತಿದ್ದ. ಅಕ್ಕನೂ ಬಂದಿದ್ದಳು. ಇಷ್ಟು ವರ್ಷದಲ್ಲಿ ತಂಗಿ ಕೆಲಸ ಮಾಡುವ ಜಾಗಕ್ಕೆ ಅವಳು ಕಾಲಿಟ್ಟದ್ದು ಅದೇ ಮೊದಲು.

"ಪೆಟ್ಟಿಗೆ ಬಿದ್ದ ಕಾರಣ?" ಚಿಕ್ಕ ಸಾರ್ ಪೆನ್ನು ಹಿಡಿದು ಕೇಳಿದರು. "ನೀವೇ ಬೀಳಿಸಿದ್ದು ಅಂದಿದ್ರಿ."

"ಅಲ್ಲ. ನಾನು" ಎಂದ ಭಾವ. ದನಿ ಎಷ್ಟು ಸಣ್ಣಗಿತ್ತೆಂದರೆ ಇನ್ನೊಂದು ಸಲ ಹೇಳಬೇಕಾಯಿತು. "ನಾನು ಸಾರ್. ನನ್ನ ಕೈ ಜಾರಿತು."

ಪೆಟ್ಟಿಗೆಯಮ್ಮ ತಲೆ ಎತ್ತಲಿಲ್ಲ. "ಯಾರಾದ್ರೂ ಬರ್ಕೊಳ್ಳಿ ಸಾರ್. ಬೀಳಿಸಿದ್ದಕ್ಕೆ ಯಾರೂ ಸಾಯ್ತಿರಲಿಲ್ಲ. ಬಿದ್ದಿದೆ ಅಂತ ಒಂದು ಸಾಲು ಬರೆದಿದ್ರೆ ಇನ್ನೊಂದು ತೂತು ಕೊರೀತಿದ್ರು. ನಾನು ನೆಟ್ಟಗೆ ಜೋಡಿಸಿದೆನಲ್ಲ, ಅದು ತಪ್ಪು."

ಹದಿನೆಂಟು ತುಂಡುಗಳನ್ನು ಒಂದೊಂದಾಗಿ ತಿರುಗಿಸಿ, ಹಿಂದಿನಿಂದ ಮುಂದಕ್ಕೆ ಇಟ್ಟಳು. ಇನ್ನು ಮೊದಲ ಸಾಲಿನ ಮೊದಲ ಜಾಗ ಒಂದು ಗೇಣು ಖಾಲಿ. ಕುಟ್ಟುಗಲ್ಲು ಮೇಜಿನ ಮೇಲಿತ್ತು. ಅದನ್ನು ಅಕ್ಕ ಎತ್ತಿಕೊಂಡಳು. ಅಭ್ಯಾಸದಂತೆ ಸವೆದ ತುದಿ ಕೆಳಗೆ ಮಾಡಿ ಹಿಡಿದಳು. ಆಮೇಲೆ ತಿರುಗಿಸಿ ಒರಟು ತುದಿಯ ಏಣಿನ ಮೇಲೆ, ತಗ್ಗಿನ ಒಳಗೆ ಹೆಬ್ಬೆರಳಾಡಿಸಿದಳು.

"ಈ ತುದಿ ಸವೆದುಹೋಗಿದ್ದಿದ್ರೆ?"

ಚಿಕ್ಕ ಸಾರ್ ಕನ್ನಡಕ ತೆಗೆದು ಒರೆಸಿಕೊಂಡರು.

"ನೀನು ಹೇಳಿದ್ದೆ" ಎಂದಳು ಅಕ್ಕ ತಂಗಿಯನ್ನೇ ನೋಡುತ್ತಾ. "ಆ ತುದೀಲೂ ಕುಟ್ಟು ಅಂತ ನೀನೇ ಒಂದ್ಸಲ ಹೇಳಿದ್ದೆ. ನನಗೆ ನೆನಪಿದೆ. ನಾನು ನಿನ್ನ ಮಾತು ಕೇಳಿದ್ದಿದ್ರೆ ಇವತ್ತು ಇವರು..."

ಬಾಗಿಲ ಬಳಿ ಭಾವ ಗೋಡೆಗೆ ಒರಗಿ ಮುಖ ಮುಚ್ಚಿಕೊಂಡ. ಪೆಟ್ಟಿಗೆಯಮ್ಮ ಇಪ್ಪತ್ತೆರಡು ವರ್ಷಕ್ಕೆ ಮೊದಲ ಸಲ ಅತ್ತಳು, ಸದ್ದು ಮಾಡಿಕೊಂಡು, ನಾಚಿಕೆಯಿಲ್ಲದೆ. ಅಕ್ಕ ಸುಮ್ಮನಿರು ಎನ್ನಲಿಲ್ಲ, ಹತ್ತಿರವೂ ಬರಲಿಲ್ಲ. ತಂಗಿಯ ಅಳು ಇಳಿಯುವವರೆಗೆ ಕಲ್ಲನ್ನು ಹಿಡಿದುಕೊಂಡೇ ಕಾದಳು.

ಆಮೇಲೆ ಕೈ ಚಾಚಿದಳು. "ತಗೋ. ಯಾವ ಕಡೆ ಮೇಲೆ ಬರಬೇಕು ಅಂತ ನೀನೇ ನೋಡಿ ಇಡು. ಈ ಸಲ ಸರಿಯಾಗಿಡು."